ಭ್ರೂಣವನ್ನು ಯಾವ ದ್ರಾವಣದಲ್ಲಿ ಬೆಳೆಸುತ್ತೀರೆಂದು ಕೇಳುವುದು ತಪ್ಪೇ?

ನಿರೀಕ್ಷೆ: ನಾವು ಐವಿಎಫ್ (ದೇಹದ ಹೊರಗೆ, ಲ್ಯಾಬ್‌ನಲ್ಲಿ ಭ್ರೂಣ ರೂಪಿಸುವ) ಚಿಕಿತ್ಸೆಗೆ ಸಿದ್ಧರಾಗುತ್ತಿದ್ದೇವೆ. ಭ್ರೂಣವನ್ನು ಯಾವ ಕಲ್ಚರ್ ಮೀಡಿಯಾದಲ್ಲಿ, ಅಂದರೆ ಪೋಷಕ ದ್ರಾವಣದಲ್ಲಿ, ಬೆಳೆಸುತ್ತೀರಿ ಎಂದು ಕೇಳಿದ್ದಕ್ಕೆ "ಒಳ್ಳೆಯ ಕಂಪನಿಯದು, ಚಿಂತೆ ಬೇಡ" ಎಂಬ ಉತ್ತರವಷ್ಟೇ ದೊರೆಯಿತು. ನಾನು ಕೇಳಿದ್ದು ಅತಿಯಾಯಿತೇ?

ಭ್ರೂಣತಜ್ಞೆ: ಅತಿಯಲ್ಲ, ಆದರೆ ಆ ಉತ್ತರದಿಂದ ನಿಮಗಾಗುವ ಉಪಯೋಗ ಕಡಿಮೆ. ಭ್ರೂಣವು ಮೊದಲ ದಿನಗಳಲ್ಲಿ ಶಕ್ತಿಗಾಗಿ ಪೈರುವೇಟ್, ಲ್ಯಾಕ್ಟೇಟ್ ಎಂಬ ಪೋಷಕಗಳನ್ನೇ ನೆಚ್ಚಿಕೊಂಡಿದ್ದು ಆಮೇಲೆ ಗ್ಲೂಕೋಸಿನತ್ತ ಹೊರಳುವುದರಿಂದ ಕೆಲವು ಲ್ಯಾಬ್‌ಗಳು ಮೂರನೆಯ ದಿನ ದ್ರಾವಣವನ್ನು ಬದಲಿಸುತ್ತವೆ. ಇನ್ನು ಕೆಲವು ಐದೂ ದಿನ ಒಂದನ್ನೇ ಬಳಸುತ್ತವೆ. ಎರಡೂ ವಿಧಾನಗಳಲ್ಲಿ ಆರೋಗ್ಯವಂತ ಮಕ್ಕಳು ಹುಟ್ಟಿದ್ದಾರೆ.

ನಿವೃತ್ತ ಪಶುವೈದ್ಯ: ಮೇಡಂ, ವಿಷಯ ಅಷ್ಟು ಹಗುರವಲ್ಲ. ಸೀರಂ (ರಕ್ತದ ತಿಳಿ ದ್ರವ) ಬೆರೆಸಿದ ದ್ರಾವಣದಲ್ಲಿ ಬೆಳೆಸಿದ ಭ್ರೂಣಗಳಿಂದ ಮಿತಿಮೀರಿ ದೊಡ್ಡದಾದ ಕರು, ಕುರಿಮರಿಗಳು ಹುಟ್ಟಿ ಹೆರಿಗೆಯೇ ಕಷ್ಟವಾದದ್ದು 1990ರ ದಶಕದಲ್ಲೇ ನಮಗೆ ತಿಳಿದಿತ್ತು. ಅಂಥ ಕುರಿಗಳಲ್ಲಿ ಬೆಳವಣಿಗೆಗೆ ಕಡಿವಾಣ ಹಾಕುವ ಐಜಿಎಫ್2ಆರ್ ಜೀನು ಹಾಗೆಯೇ ಇತ್ತು; ಅದರ ಕೆಲಸವನ್ನು ನಿಯಂತ್ರಿಸುವ ಮೀಥೈಲ್ ಎಂಬ ರಾಸಾಯನಿಕ ಗುರುತು ಮಾತ್ರ ಕಳೆದುಹೋಗಿತ್ತು.

ಅಂಕಿಗಣ್ಣು: ಕುರಿಯ ಲೆಕ್ಕ ಏಕೆ ಸರ್, ಮನುಷ್ಯರದೇ ಇದೆ. ನೆದರ್ಲೆಂಡ್ಸ್‌ನ ಆರು ಕೇಂದ್ರಗಳಲ್ಲಿ 836 ದಂಪತಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಜಿ5 ದ್ರಾವಣವನ್ನೂ ಇನ್ನೊಂದಕ್ಕೆ ಹಳೆಯ ಎಚ್‌ಟಿಎಫ್ ದ್ರಾವಣವನ್ನೂ ಬಳಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮಗು ಜೀವಂತವಾಗಿ ಹುಟ್ಟಿದ್ದು ಜಿ5ರಲ್ಲಿ ಶೇ. 44.1, ಎಚ್‌ಟಿಎಫ್‌ನಲ್ಲಿ ಶೇ. 37.9, ಈ ಅಂತರ ಕೇವಲ ಆಕಸ್ಮಿಕವೂ ಆಗಿರಬಹುದು. ಆದರೆ ಜಿ5 ಗುಂಪಿನಲ್ಲಿ ಅವಳಿಯಲ್ಲದೆ ಒಂದೊಂದಾಗಿ ಹುಟ್ಟಿದ ಶಿಶುಗಳ ತೂಕ ಸರಾಸರಿ 158 ಗ್ರಾಂ ಕಡಿಮೆಯಿತ್ತು.

ಭ್ರೂಣತಜ್ಞೆ: 158 ಗ್ರಾಂ! ನಾಲ್ಕು ಸಲ ಸೋತು ಬಂದವರಿಗೆ ಗರ್ಭ ನಿಲ್ಲುವುದೇ ಮೊದಲ ಪ್ರಶ್ನೆ, ತೂಕವಲ್ಲ.

ಅಂಕಿಗಣ್ಣು: ಒಪ್ಪುತ್ತೇನೆ. ನನ್ನನ್ನು ಕಾಡುವುದು ಗ್ರಾಂಗಳಲ್ಲ. ಭ್ರೂಣವು ಲ್ಯಾಬ್‌ನ ತಟ್ಟೆಯಲ್ಲಿ ಕಳೆದ ಕೆಲವೇ ದಿನಗಳ ಪರಿಣಾಮ ಒಂಬತ್ತು ತಿಂಗಳಾದರೂ ಅಳಿಸಿಹೋಗಿಲ್ಲವೆಂದರೆ, ಆ ದ್ರಾವಣದ ಹೆಸರು ಕೂಡ ದಂಪತಿಗೆ ತಿಳಿಯಬಾರದೇಕೆ? ತಯಾರಕರು ಘಟಕಗಳನ್ನು ಹೆಸರಿಸುತ್ತಾರೆಯೇ ಹೊರತು ಪ್ರಮಾಣವನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ.

ನಿವೃತ್ತ ಪಶುವೈದ್ಯ: ದನದ ಮೇವಿನ ಚೀಲದ ಮೇಲೂ ಪ್ರೋಟೀನ್ ಎಷ್ಟೆಂದು ಅಚ್ಚು ಹಾಕಿಸುತ್ತಾರೆ.

ಭ್ರೂಣತಜ್ಞೆ: ಪ್ರಮಾಣದ ಗುಟ್ಟನ್ನು ನಾನೂ ಸಮರ್ಥಿಸುವುದಿಲ್ಲ, ಎರಡು ದ್ರಾವಣಗಳನ್ನು ಹೋಲಿಸಿ ನೋಡಲು ನಮಗೂ ಅದೇ ಅಡ್ಡಿ. ನಿರೀಕ್ಷೆಯವರೇ, ಹೆಸರಿನ ಜೊತೆಗೆ ಬ್ಯಾಚ್ ಸಂಖ್ಯೆಯನ್ನೂ ಕೇಳಿ. 2023ರ ಡಿಸೆಂಬರಿನಲ್ಲಿ ಅಮೆರಿಕದ ಕಂಪನಿಯೊಂದು ತನ್ನ ದ್ರಾವಣದ ಮೂರು ಬ್ಯಾಚ್‌ಗಳನ್ನು ಹಿಂದಕ್ಕೆ ಪಡೆದಾಗ, ಅದರಲ್ಲಿ ಭ್ರೂಣದ ಬೆಳವಣಿಗೆಗೆ ಬೇಕಾದ ಮೆಗ್ನೀಸಿಯಂ ಇರಲಿಲ್ಲವೆಂದು ಭ್ರೂಣಗಳನ್ನು ಕಳೆದುಕೊಂಡ ದಂಪತಿಗಳು ದಾವೆ ಹೂಡಿದರು.

ನಿರೀಕ್ಷೆ: ಸೋಮವಾರ ಹೋಗುತ್ತಿದ್ದೇವೆ ಮೇಡಂ. ಎರಡನ್ನೂ ನಮ್ಮ ಫೈಲಿನಲ್ಲೇ ಬರೆದುಕೊಡಲು ಕೇಳುತ್ತೇನೆ.