ಎರಡು ಎಸ್‌ಎಸ್‌ಡಿ ಸೇರಿಸಿ ರೇಡ್ 0 ಮಾಡಿದೆ, ಬೆಂಚ್‌ಮಾರ್ಕ್ ಡಬಲ್ ಆಯ್ತು, ಕಂಪ್ಯೂಟರ್ ಮಾತ್ರ ಹಾಗೇ ಇದೆ

ಬೈಟ್‌ಬೇಟೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 500 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಇತ್ತು. ಅದೇ ಮಾಡೆಲ್‌ನ ಇನ್ನೊಂದು ತಂದು, ಬಯೋಸ್‌ನಲ್ಲಿ ರೇಡ್ 0 ಮಾಡಿ (ಎರಡೂ ಸೇರಿ ಒಂದೇ ಡ್ರೈವ್‌ನಂತೆ, ಡೇಟಾ ಎರಡಕ್ಕೂ ಹಂಚಿ ಬರೆಯೋದು), ವಿಂಡೋಸ್ 11 ಹೊಸದಾಗಿ ಹಾಕಿದೆ. ಬೆಂಚ್‌ಮಾರ್ಕ್‌ನಲ್ಲಿ ಸೀಕ್ವೆನ್ಷಿಯಲ್ ರೀಡ್ 545 ಎಂಬಿ ಇದ್ದದ್ದು 1070ಕ್ಕೆ ಹೋಯಿತು. ಖುಷಿಯೋ ಖುಷಿ.

ಆಮೇಲೆ ಸ್ಟಾಪ್‌ವಾಚ್ ಹಿಡಿದು ಕೂತೆ. ಪವರ್ ಬಟನ್ ಒತ್ತಿ ಡೆಸ್ಕ್‌ಟಾಪ್ ಬರೋಕೆ ಮೊದಲು 21 ಸೆಕೆಂಡ್ ಆಗ್ತಿತ್ತು, ಈಗ 26! ಫೋಟೋ ಎಡಿಟರ್ ತೆರೆಯೋಕೆ ಆಗಲೂ 7 ಸೆಕೆಂಡ್, ಈಗಲೂ 7. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ದಾಟಿದರೆ ಮೊದಲಿನ ಹಾಗೇ ತಡವರಿಸುತ್ತೆ. ಸ್ಟ್ರೈಪ್ ಸೈಜ್, ಅಂದರೆ ಸರದಿಯಂತೆ ಒಂದೊಂದು ಡ್ರೈವ್‌ಗೆ ಹೋಗುವ ತುಂಡಿನ ಅಳತೆ, 128 ಕೆಬಿ ಇದೆ. ಅದನ್ನು 16 ಮಾಡಿದರೆ ಸರಿ ಹೋಗುತ್ತಾ? ಪ್ರೊಸೆಸರ್ 6 ಕೋರ್, ರ‍್ಯಾಮ್ 8 ಜಿಬಿ.

ಹಳೇಮದರ್‌ಬೋರ್ಡ್

ಸ್ಟ್ರೈಪ್ ಸೈಜ್ ಸದ್ಯಕ್ಕೆ ಮುಟ್ಟಬೇಡಿ. ಅದನ್ನು ಬದಲಿಸಬೇಕು ಅಂದರೆ ಅರೇ (ಜೋಡಿಸಿದ ಡ್ರೈವ್‌ಗಳ ಗುಂಪು) ಅಳಿಸಿ ಮತ್ತೆ ಮೊದಲಿಂದ ಮಾಡಬೇಕು, ಸುಮ್ನೆ ಇನ್ನೊಂದು ದಿನ ಹಾಳು. ಅದೇ ಬೆಂಚ್‌ಮಾರ್ಕ್‌ನ ಕೊನೆಯ ಸಾಲು ನೋಡಿ, ಆರ್‌ಎನ್‌ಡಿ4ಕೆ ಕ್ಯೂ1ಟಿ1 ಅಂತ ಇರುತ್ತೆ. ಅಲ್ಲಿ ಇಲ್ಲಿ ಚದುರಿದ 4 ಕೆಬಿ ತುಂಡುಗಳನ್ನು ಒಂದೊಂದಾಗಿ ಓದುವ ವೇಗ ಅದು. ಮೊದಲು ಎಷ್ಟಿತ್ತು, ಈಗ ಎಷ್ಟಿದೆ?

ಬೈಟ್‌ಬೇಟೆ

ಹಳೇ ಸ್ಕ್ರೀನ್‌ಶಾಟ್ ಸಿಕ್ಕಿತು. ಆಗ 36 ಎಂಬಿ, ಈಗ 34. ಇಷ್ಟು ಕಡಿಮೆ ನಂಬರ್ ಅಂತ ಆ ಸಾಲನ್ನು ನೋಡೇ ಇರಲಿಲ್ಲ.

ಹಳೇಮದರ್‌ಬೋರ್ಡ್

ಆ ಸಾಲೇ ನಿಮ್ಮ ದಿನದ ಕೆಲಸ ಸರ್. ಮೇಲಿನ 1070 ಬರೋದು ಒಂದೇ ದೊಡ್ಡ ಫೈಲನ್ನು ಉದ್ದಕ್ಕೆ ಓದಿದಾಗ. ಬೂಟ್ ಆಗುವಾಗ, ಪ್ರೋಗ್ರಾಂ ತೆರೆಯುವಾಗ ನಡೆಯೋದು ಬೇರೆ. ಸಣ್ಣ ಸಣ್ಣ ತುಂಡುಗಳು, ಅದೂ ಜಾಸ್ತಿ ಪಾಲು ಒಂದಾದ ಮೇಲೊಂದು.

ಲೆಕ್ಕ ಹಾಕೋಣ. ಸೆಕೆಂಡಿಗೆ 36 ಎಂಬಿ, ಒಂದು ತುಂಡು 4 ಕೆಬಿ. ಅಂದರೆ ಸೆಕೆಂಡಿಗೆ ಸುಮಾರು 8,800 ಸಲ ಓದಿದ ಹಾಗಾಯಿತು. ಒಂದು ಸಲಕ್ಕೆ ಹೆಚ್ಚುಕಡಿಮೆ 114 ಮೈಕ್ರೋಸೆಕೆಂಡ್. ನಿಮ್ಮ ಸ್ಟ್ರೈಪ್ 128 ಕೆಬಿ. 4 ಕೆಬಿಯ ತುಂಡು ಇರೋದು ಯಾವುದೋ ಒಂದೇ ಡ್ರೈವ್‌ನಲ್ಲಿ. ಅದು ಹುಡುಕಿ ಕೊಡುವ ತನಕ ಇನ್ನೊಂದು ಡ್ರೈವ್ ಕೈಕಟ್ಟಿ ಕೂತಿರುತ್ತೆ. ಸ್ಟ್ರೈಪ್ 16 ಮಾಡಿದರೂ 4 ಕೆಬಿ ಒಂದೇ ಕಡೆ ಬೀಳೋದು. ಮಧ್ಯೆ ರೇಡ್ ಡ್ರೈವರ್ ಬೇರೆ ಬಂತಲ್ಲ, ಅದರ ಕೂಲಿ ಅಂತ ನಿಮ್ಮ ಎರಡು ಎಂಬಿ ಹೋಗಿರಬೇಕು.

ನಿಧಿ ಹುಡುಕುವ ಆಟ ಆಡಿರ್ತೀರಲ್ವಾ? ಒಂದು ಚೀಟಿ ಓದಿದ ಮೇಲೇ ಮುಂದಿನ ಚೀಟಿ ಎಲ್ಲಿದೆ ಅಂತ ಗೊತ್ತಾಗೋದು. ಅಲ್ಲಿ ಓಡೋಕೆ ಇಬ್ಬರನ್ನು ಬಿಟ್ಟರೂ ಆಟ ಬೇಗ ಮುಗಿಯಲ್ಲ. ಪ್ರೋಗ್ರಾಂ ತೆರೆಯೋದೂ ಹೆಚ್ಚಾಗಿ ಹಾಗೇ. ಒಂದು ಫೈಲ್ ಓದಿದ ಮೇಲೆ ಯಾವ ಲೈಬ್ರರಿ ಬೇಕು ಅಂತ ಗೊತ್ತಾಗುತ್ತೆ, ಅದನ್ನು ಓದಿದ ಮೇಲೆ ಮುಂದಿನದು.

ಹಾರ್ಡ್‌ಡಿಸ್ಕಿಂದ ಎಸ್‌ಎಸ್‌ಡಿಗೆ ಬಂದಾಗ ಕಂಪ್ಯೂಟರ್ ಹಾರಿದಂತೆ ಅನಿಸಿದ್ದು ಇದೇ ಕಾರಣಕ್ಕೆ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಸುತ್ತೋಕೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, ಅದರ ಮೇಲೆ ಹೆಡ್ ಸರಿಯುವ ಹೊತ್ತು. ಅದು 0.1 ಮಿಲಿಸೆಕೆಂಡ್ ಹತ್ತಿರಕ್ಕೆ ಇಳಿಯಿತು. ಆ ಕಾಯುವಿಕೆಯನ್ನು ರೇಡ್ 0 ಇನ್ನೂ ಇಳಿಸಲ್ಲ.

ಇನ್ನೊಂದು ಮಾತು. ಎಸ್‌ಎಸ್‌ಡಿ ಒಳಗೇ ಹಲವು ಫ್ಲ್ಯಾಶ್ ಚಿಪ್‌ಗಳಿರುತ್ತವೆ, ಕಂಟ್ರೋಲರ್ ಡೇಟಾವನ್ನು ನಾಲ್ಕೋ ಎಂಟೋ ಚಾನೆಲ್‌ಗೆ ಹಂಚಿಯೇ ಬರೆಯುತ್ತೆ. ನೀವು ಮಾಡಿದ ಕೆಲಸ ಒಳಗೆ ಆಗಲೇ ಆಗಿತ್ತು.

ತಂತಿಗಂಟು

ಹಾಗಂತ ಪೂರ್ತಿ ವೇಸ್ಟ್ ಅನ್ನಬೇಡಿ. ನಾನು ವಿಡಿಯೋ ಎಡಿಟ್ ಮಾಡ್ತೀನಿ. ಕಂಪ್ರೆಸ್ ಆಗದ ಫುಟೇಜ್ ಇಡೋಕೆ ಎರಡು ಎನ್‌ವಿಎಂಇ (ಸಾಟಾಗಿಂತ ವೇಗದ ಎಸ್‌ಎಸ್‌ಡಿ) ಸೇರಿಸಿ ರೇಡ್ 0 ಇಟ್ಟುಕೊಂಡಿದ್ದೀನಿ, ಅಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಆದರೆ ವಿಂಡೋಸ್ ಇರೋದು ಬೇರೆ ಡ್ರೈವ್‌ನಲ್ಲಿ. ಮೊದಲು ನಾನೂ ಎರಡನ್ನೂ ಚಿಪ್‌ಸೆಟ್‌ನ ಸ್ಲಾಟ್‌ಗೆ ಹಾಕಿ 3500 ಎಂಬಿ ದಾಟಲಿಲ್ಲ ಅಂತ ತಲೆ ಕೆರೆದುಕೊಂಡಿದ್ದೆ. ನನ್ನದು ಡಿಎಂಐ 3.0 ಇರೋ ಬೋರ್ಡ್. ಡಿಎಂಐ ಅಂದರೆ ಚಿಪ್‌ಸೆಟ್‌ನಿಂದ ಪ್ರೊಸೆಸರ್‌ಗೆ ಇರುವ ದಾರಿ, ಅದೇ ಪಿಸಿಐಇ 3.0ರ ನಾಲ್ಕು ಲೇನ್‌ನಷ್ಟು, ಅಂದರೆ ಒಂದು ಡ್ರೈವ್‌ಗೇ ಸರಿಹೋಗುತ್ತೆ.

ಹಳೇಮದರ್‌ಬೋರ್ಡ್

ಒಪ್ಪಿದೆ, ದೊಡ್ಡ ಫೈಲ್ ಉದ್ದಕ್ಕೆ ಓದೋ ಕೆಲಸಕ್ಕೆ ರೇಡ್ 0 ಸರಿ. ಆದರೆ ಬೈಟ್‌ಬೇಟೆಯವರು ಕೇಳಿದ್ದು ಬ್ರೌಸರ್ ಬಗ್ಗೆ.

ಬೈಟ್‌ಬೇಟೆಯವರೇ, ಮೂರು ಪರೀಕ್ಷೆ ಮಾಡಿ ನೋಡಿ.

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಬಲಗಡೆ ಮೇಲೆ ‘ಲಾಸ್ಟ್ ಬಯೋಸ್ ಟೈಮ್’ ಅಂತ ಇರುತ್ತೆ. ವಿಂಡೋಸ್ ಶುರುವಾಗೋಕೆ ಮೊದಲು ಬೋರ್ಡ್ ತೆಗೆದುಕೊಂಡ ಹೊತ್ತು ಅದು. ರೇಡ್ ಮೋಡ್‌ನಲ್ಲಿ ಬೋರ್ಡ್ ಅರೇಯನ್ನು ಎಬ್ಬಿಸಿ ನೋಡಬೇಕು, ನಿಮ್ಮ 5 ಸೆಕೆಂಡ್ ಅಲ್ಲೇ ಹೋಗಿರಬೇಕು.

ಆಮೇಲೆ ಫೋಟೋ ಎಡಿಟರ್ ತೆರೆಯಿರಿ, ಮುಚ್ಚಿ, ತಕ್ಷಣ ಮತ್ತೆ ತೆರೆಯಿರಿ. ಎರಡನೇ ಸಲ ಆ ಫೈಲುಗಳು ಬಹುಪಾಲು ರ‍್ಯಾಮ್‌ನಲ್ಲೇ ಇರುತ್ತವೆ. ಆಗಲೂ ಎಷ್ಟು ಸೆಕೆಂಡ್ ಉಳಿಯುತ್ತೋ ಅದಕ್ಕೆ ಡಿಸ್ಕ್ ಹೊಣೆಯಲ್ಲ. ನನಗೆ ಗೊತ್ತಿರೋದರಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ, ಆದರೆ ದುಡ್ಡು ಕೊಟ್ಟು ಡ್ರೈವ್ ತರೋಕೆ ಮುಂಚೆ ಯಾರೂ ಮಾಡಲ್ಲ!

ಕೊನೆಗೆ ಇಪ್ಪತ್ತೈದು ಟ್ಯಾಬ್ ತೆರೆದಿಟ್ಟು, ಮೆಮೊರಿ ಪುಟದಲ್ಲಿ ‘ಕಮಿಟೆಡ್’ (ಪ್ರೋಗ್ರಾಂಗಳಿಗೆ ಕೊಡ್ತೀನಿ ಅಂತ ವಿಂಡೋಸ್ ಒಪ್ಪಿಕೊಂಡ ಒಟ್ಟು ಮೆಮೊರಿ) ಎಷ್ಟಿದೆ ನೋಡಿ. ರಿಸೋರ್ಸ್ ಮಾನಿಟರ್‌ನಲ್ಲಿ ‘ಹಾರ್ಡ್ ಫಾಲ್ಟ್ಸ್’ (ಬೇಕಾದದ್ದು ಮೆಮೊರಿಯಲ್ಲಿ ಸಿಗದೆ ಡಿಸ್ಕಿಂದ ಓದಬೇಕಾದ ಸಲಗಳು) ಗ್ರಾಫ್ ಕೂಡ.

ಬೈಟ್‌ಬೇಟೆ

ಬಯೋಸ್ ಟೈಮ್ 14.9 ಸೆಕೆಂಡ್. ಪರೀಕ್ಷೆಗೆ ಅಂತ ಕೀಬೋರ್ಡ್ ಬಿಟ್ಟು ಉಳಿದ ಯುಎಸ್‌ಬಿ ಎಲ್ಲ ತೆಗೆದರೂ 14ರ ಕೆಳಗೆ ಇಳಿಯಲಿಲ್ಲ. ಫೋಟೋ ಎಡಿಟರ್ ಎರಡನೇ ಸಲ 6 ಸೆಕೆಂಡ್. ಅಂದರೆ ಡಿಸ್ಕಿನ ಪಾಲು ಒಂದೇ ಸೆಕೆಂಡಾ? ನಾಚಿಕೆ ಆಯ್ತು. ಕಮಿಟೆಡ್ 13.8 ಜಿಬಿ ಇದೆ, ರ‍್ಯಾಮ್ 8. ಟ್ಯಾಬ್ ಬದಲಿಸಿದಾಗೆಲ್ಲ ಹಾರ್ಡ್ ಫಾಲ್ಟ್ ಗ್ರಾಫ್ ಗರಗಸದ ಹಲ್ಲಿನ ಹಾಗೆ ಏಳುತ್ತೆ.

ಹಳೇಮದರ್‌ಬೋರ್ಡ್

ಸಿಕ್ಕಿತು. ರ‍್ಯಾಮ್ ಸಾಲದೆ ವಿಂಡೋಸ್ ಪೇಜ್‌ಫೈಲ್‌ಗೆ (ಮೆಮೊರಿಯಲ್ಲಿ ಹಿಡಿಸದ್ದನ್ನು ಇಡೋಕೆ ಡಿಸ್ಕಿನಲ್ಲಿರುವ ಫೈಲ್) ಬರೆದು ಓದಿ ಮಾಡ್ತಿದೆ. ಆ ಓದೂ ಸಣ್ಣ ತುಂಡಿನದೇ. ಇನ್ನೊಂದು 8 ಜಿಬಿ ಸ್ಟಿಕ್ ಹಾಕಿ. ಈಗ ಇರೋದು ಒಂದೇ ಸ್ಟಿಕ್ ಆಗಿದ್ದರೆ, ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕು, ಮ್ಯಾನುಯಲ್ ನೋಡಿಕೊಳ್ಳಿ. ಡ್ಯುಯಲ್ ಚಾನೆಲ್ ಆಗುತ್ತೆ, ಅಂದರೆ ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡುತ್ತವೆ. ಜೋಡಿ ಹಾಕಿ ಲಾಭ ನೋಡಬೇಕು ಅಂದರೆ ಜಾಗ ಅದು.

ಅರೇ ಇಟ್ಟುಕೊಳ್ಳಬೇಕಾ ಅಂತ ಕೇಳಿದರೆ, ನಾನಾದರೆ ತೆಗೀತೀನಿ. ಎರಡರಲ್ಲಿ ಒಂದು ಡ್ರೈವ್ ಸತ್ತರೂ ಎಲ್ಲ ಹೋಯಿತು. ಒಂದು ಡ್ರೈವ್ ಕೆಡುವ ಸಾಧ್ಯತೆ ನೂರಕ್ಕೆ 2 ಅಂತಿಟ್ಟುಕೊಂಡರೆ ಅರೇಯದ್ದು ಹತ್ತಿರ ಹತ್ತಿರ 4. ರೇಡ್‌ನ ಮೊದಲ ಇಂಗ್ಲಿಷ್ ಅಕ್ಷರ ಆರ್, ಅಂದರೆ ರಿಡಂಡಂಟ್; ಅದಕ್ಕೆ ಒಂದು ಕೆಟ್ಟರೂ ನಡೆಯುವ ಹೆಚ್ಚುವರಿ ಅಂತ ಅರ್ಥ. 1988ರಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಬರ್ಕ್ಲಿಯಿಂದ ಬರೆದ ಪ್ರಬಂಧದಲ್ಲಿ ಇದ್ದದ್ದು ರೇಡ್ 1ರಿಂದ 5ರ ತನಕ. ಸೊನ್ನೆ ಆಮೇಲೆ ಸೇರಿಕೊಂಡದ್ದು, ಅದರಲ್ಲಿ ಹೆಚ್ಚುವರಿ ಅನ್ನೋದು ನಿಜಕ್ಕೂ ಸೊನ್ನೆಯೇ.

ಅರೇ ಅಳಿಸಿದರೆ ಎರಡೂ ಡ್ರೈವ್ ಖಾಲಿ ಅಂತ ಲೆಕ್ಕ. ಬ್ಯಾಕಪ್ ಹೊರಗಿನ ಡಿಸ್ಕಿಗೆ ತೆಗೆದು, ಅದರಿಂದ ಒಂದೆರಡು ಫೈಲ್ ತೆರೆದು ನೋಡಿದ ಮೇಲೇ ಕೈ ಹಾಕಿ. ಬಯೋಸ್‌ನಲ್ಲಿ ಎಎಚ್‌ಸಿಐ (ರೇಡ್ ಇಲ್ಲದ ಮಾಮೂಲಿ ಸಾಟಾ ಮೋಡ್) ಮಾಡಿ ವಿಂಡೋಸ್ ಹೊಸದಾಗಿ ಹಾಕೋದು ಒಳ್ಳೇದು. ಹಳೇ ಇಮೇಜ್ (ಇಡೀ ಡ್ರೈವ್‌ನ ನಕಲು) ವಾಪಸ್ ಹಾಕಿದರೆ ಬೂಟ್ ಡಿಸ್ಕ್ ಸಿಗಲಿಲ್ಲ ಅಂತ ನೀಲಿ ಪರದೆ ಬರಬಹುದು. ಬಂದರೆ ಒಂದು ಸಲ ಸೇಫ್ ಮೋಡ್‌ಗೆ ಹೋಗಿ ಬಂದರೆ ಹೆಚ್ಚಾಗಿ ಸರಿಯಾಗುತ್ತೆ.

ಬೈಟ್‌ಬೇಟೆ

ಭಾನುವಾರ ಪೂರ್ತಿ ಇದೇ ಆಯ್ತು. ಒಂದು ಡ್ರೈವ್‌ನಲ್ಲಿ ವಿಂಡೋಸ್, ಇನ್ನೊಂದರಲ್ಲಿ ಫೋಟೋ. ರ‍್ಯಾಮ್ 16. ಬೂಟ್ 20 ಸೆಕೆಂಡ್. ನಲವತ್ತು ಟ್ಯಾಬ್ ಇಟ್ಟರೂ ತಡವರಿಸಲಿಲ್ಲ. ಬೆಂಚ್‌ಮಾರ್ಕ್ ಮತ್ತೆ 545ಕ್ಕೆ ಇಳಿದಿದೆ, ನೋಡಿದಾಗ ಸ್ವಲ್ಪ ಹೊಟ್ಟೆ ಉರಿಯುತ್ತೆ ಅಷ್ಟೇ.

ಫೋಟೋ ಎಡಿಟರ್ ಮಾತ್ರ ಇನ್ನೂ 6ರ ಆಸುಪಾಸಿನಲ್ಲೇ ಇತ್ತು. ತೆರೆಯುವಾಗಿನ ಪರದೆಯಲ್ಲಿ ‘ಫಾಂಟ್ ಓದುತ್ತಿದೆ’ ಅನ್ನೋ ಸಾಲು ಜಾಸ್ತಿ ಹೊತ್ತು ನಿಲ್ಲುತ್ತೆ ಅಂತ ನಿನ್ನೆ ರಾತ್ರಿ ಗಮನಿಸಿದೆ. ಯಾವತ್ತೋ ಇಳಿಸಿಕೊಂಡ 1,400 ಫಾಂಟ್ ಇದ್ದವು, ಹೊಸ ವಿಂಡೋಸ್‌ಗೂ ಬ್ಯಾಕಪ್‌ನಿಂದ ಭಕ್ತಿಯಿಂದ ತಂದು ಹಾಕಿದ್ದೆ. ಬೇಕಾದ ಅರವತ್ತು ಬಿಟ್ಟು ಉಳಿದದ್ದು ತೆಗೆದೆ. ಈಗ 3 ಸೆಕೆಂಡ್.