ಕಾಲಿಗೆ ಪ್ಲಾಸ್ಟರ್, ಕಪನೂರಿಗೆ ದಿನಾ ಆಟೋ, ಅರ್ಧ ಸಂಬಳ ಬಾಡಿಗೆಗೇ ಹೋಗುತ್ತಿದೆ

ತೊಗರಿ ಲೆಕ್ಕ:
ನಮಸ್ಕಾರ ರೀ ಎಲ್ಲರಿಗೂ. ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ರಾಮ ಮಂದಿರ ಸರ್ಕಲ್ ಕಡೆ, ಅಂದ್ರೆ ಕಲಬುರಗಿಯ ಈ ತುದಿಯಿಂದ ಆ ತುದಿ. ಎಂಟು ದಿನದ ಹಿಂದೆ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ರಿಂಗ್ ರೋಡಿನಲ್ಲಿ ಜಲ್ಲಿಕಲ್ಲಿನ ಮೇಲೆ ಗಾಡಿ ಜಾರಿ ಬಿದ್ದೆ. ಎಡ ಪಾದದ ಮೂಳೆ ಬಿರುಕು ಬಿಟ್ಟಿದೆ. ಪ್ಲಾಸ್ಟರ್ ಹಾಕಿ ಆರು ವಾರ ಕಾಲು ಊರಬೇಡ ಅಂದಿದ್ದಾರೆ.

ಸೀಟ್ ಆಟೋದಲ್ಲಿ ಎರಡು ದಿನ ಹೋಗಿ ನೋಡಿದೆ. ಮೂರು ಜನ ಕೂರುವ ಕಡೆ ನಾಲ್ಕು ಜನರನ್ನು ತುಂಬುತ್ತಾರೆ, ಒಬ್ಬರ ಜೋಳದ ಚೀಲ ಸೀದಾ ನನ್ನ ಪ್ಲಾಸ್ಟರ್ ಮೇಲೇ ಬಂದು ಕೂತಿತು, ಅದರ ಮೇಲೆ ಸೂಪರ್ ಮಾರ್ಕೆಟ್‌ನಲ್ಲಿ ಇಳಿದು ಬಗಲುಗೋಲು ಊರಿಕೊಂಡು ಇನ್ನೊಂದು ಆಟೋ ಹುಡುಕಬೇಕು. ಆಗಲಿಲ್ಲ. ಈಗ ಪೂರ್ತಿ ಆಟೋ. ಹೋಗಲು 200, ಬರಲು 200. 26 ದಿನಕ್ಕೆ 10,400. ನನ್ನ ಸಂಬಳ 18,000!

ರಜೆ ಕೇಳೋಣ ಅಂದ್ರೆ ತೊಗರಿ ಸೀಸನ್, ಸಾವ್ಕಾರರ ಮುಂದೆ ಬಾಯಿ ಬರುವುದಿಲ್ಲ. ಅಂಗವಿಕಲರ ಬಸ್ ಪಾಸ್ ಕೊಡುತ್ತಾರಾ? ಗೇರ್ ಇಲ್ಲದ ಸ್ಕೂಟಿಗೆ ಎಡಗಾಲು ಬೇಕಾಗುವುದಿಲ್ಲ ಅಲ್ವಾ, ಅದನ್ನಾದರೂ ಓಡಿಸಬಹುದಾ?

ಗಂಜ್ ಹುಡುಗ:
ಅಣ್ಣಾ, ಸ್ಕೂಟಿ ಮುಟ್ಟಬೇಡಿ. ಓಡುವಾಗ ಕಾಲು ಬೇಡ ನಿಜ, ಆದ್ರೆ ಜಗತ್ ಸರ್ಕಲ್‌ನಲ್ಲಿ ಗಾಡಿ ಎಡಕ್ಕೆ ವಾಲಿದರೆ ಏನು ಊರುತ್ತೀರಿ, ಪ್ಲಾಸ್ಟರಾ? ಬಸ್ ಪಾಸ್ ಕೂಡ ಮರೆತುಬಿಡಿ. ಅದಕ್ಕೆ 40 ಪರ್ಸೆಂಟ್ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು, ಆರು ವಾರದ ಪ್ಲಾಸ್ಟರ್‌ಗೆ ಅದು ಬರುವುದಿಲ್ಲ. ಗೆಳೆಯರ ಬೈಕ್ ಹಿಂದೆ ಕೂತು ಹೋಗಿ, ನಾನಾದರೆ ಹಾಗೇ ಮಾಡುತ್ತಿದ್ದೆ.

ಶಹಾಬಾದ್ ಟೀಚರ್:
ಬೈಕ್ ಹಿಂದೆ ಬೇಡ ತಮ್ಮಾ. ಹೋದ ವರ್ಷ ನನ್ನ ಪಾದ ಮುರಿದಾಗ ಮನೆಯವರು ನಾಲ್ಕು ದಿನ ಹಾಗೇ ಬಸ್ ಸ್ಟ್ಯಾಂಡ್‌ಗೆ ಬಿಟ್ಟರು, ಕಾಲು ಇಳಿಬಿಟ್ಟು ಇಳಿಬಿಟ್ಟು ಸಂಜೆ ಹೊತ್ತಿಗೆ ಬೆರಳು ಬದನೆಕಾಯಿ ಥರ ಊದಿಕೊಳ್ಳುತ್ತಿದ್ದವು. ಮಡಿಲಲ್ಲಿ ಬ್ಯಾಗ್, ಒಂದು ಕೈಯಲ್ಲಿ ಬಗಲುಗೋಲು, ಇನ್ನೊಂದು ಕೈಯಲ್ಲಿ ಅವರ ಅಂಗಿ.

ನಮಗೆ ಶಕ್ತಿ ಯೋಜನೆ ಇದೆ, ಕಲಬುರಗಿಯಿಂದ ಶಹಾಬಾದ್‌ಗೆ ಸೊನ್ನೆ ಟಿಕೆಟ್, ನಿನಗೇನು ಖರ್ಚು ಅಂತ ಎಲ್ಲರೂ ಕೇಳುತ್ತಿದ್ದರು. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿನಷ್ಟು ಎತ್ತರ ಇರುತ್ತದೆ ಅನ್ನೋದು ಅವರಿಗೆ ಗೊತ್ತಿಲ್ಲ. ದುಡ್ಡು ಹೋಗಿದ್ದು ಬಸ್ಸಿಗಲ್ಲ, ಮನೆಯಿಂದ ಬಸ್ ಸ್ಟ್ಯಾಂಡ್, ಆ ಕಡೆ ಇಳಿದು ಶಾಲೆ, ಈ ಎರಡು ತುಂಡಿಗೆ. ದಿನಾ 140 ಆಗುತ್ತಿತ್ತು.

ಕೊನೆಗೆ ನಮ್ಮ ಓಣಿಯ ಮಕ್ಕಳನ್ನು ಶಾಲೆಗೆ ಬಿಡುವ ಆಟೋದವನನ್ನು ಹಿಡಿದೆ. ಮಕ್ಕಳನ್ನು ಇಳಿಸಿದ ಮೇಲೆ ಮಧ್ಯಾಹ್ನದವರೆಗೆ ಆಟೋ ಖಾಲಿ ನಿಂತಿರುತ್ತದೆ. ದಿನದ ಲೆಕ್ಕ ಬಿಟ್ಟು ತಿಂಗಳಿಗೆ ಇಷ್ಟು ಅಂತ ಮಾತಾಡಿ, ಅರ್ಧ ಮುಂಗಡ ಕೊಡಿ. ನನಗಂತೂ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳಿಯಿತು. ಕಪನೂರ ದೂರ, ಆದರೂ 10,400 ಆಗುವುದಿಲ್ಲ.

ಸೇಡಂ ರೋಡ್:
ಎಲ್ಲರೂ ಹೇಗೆ ಹೋಗಬೇಕು ಅಂತ ಹೇಳುತ್ತಿದ್ದೀರಿ. ಯಾಕೆ ಹೋಗಬೇಕು ಅಂತ ಯಾರೂ ಕೇಳಲಿಲ್ಲ.

ಸರ್, ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. 18,000 ಅಂದ್ರೆ ಇಎಸ್‌ಐಗೆ, ಅಂದ್ರೆ ನೌಕರರ ಸರ್ಕಾರಿ ವಿಮೆಗೆ, ನಿಮ್ಮ ಪಾಲು 0.75 ಪರ್ಸೆಂಟ್, 135 ರೂಪಾಯಿ ಕಟ್ಟಾಗಿರಬೇಕು. ಆಗಿದ್ದರೆ ಮುಂದಕ್ಕೆ ಓದಿ. ಸುಮ್ನೆ ಕಾಯಿಲೆ ಅಂತ ರಜೆ ಹಾಕಿದರೂ ಇಎಸ್‌ಐ ದಿನದ ಸಂಬಳದ 70 ಪರ್ಸೆಂಟ್ ಕೊಡುತ್ತದೆ, ವರ್ಷಕ್ಕೆ 91 ದಿನದವರೆಗೆ, ಮೊದಲ ಎರಡು ದಿನ ಬಿಟ್ಟು. ನೀವು ಬಿದ್ದಿದ್ದು ಡ್ಯೂಟಿಗೆ ಹೋಗುವ ದಾರಿಯಲ್ಲಿ. ಸಮಯ, ಜಾಗ ಎಲ್ಲ ತಾಳೆಯಾದರೆ ಅದನ್ನು ಕೆಲಸದಲ್ಲಿ ಆದ ಗಾಯ ಅಂತಲೇ ಹಿಡಿಯುತ್ತಾರೆ. ಆಗ 90 ಪರ್ಸೆಂಟ್.

ಈಗ ಲೆಕ್ಕ ನೀವೇ ಹಾಕಿ. ಆಟೋದಲ್ಲಿ ಹೋಗಿ ದುಡಿದರೆ ಕೈಗೆ 7,600. ಮನೆಯಲ್ಲಿ ಕಾಲು ದಿಂಬಿನ ಮೇಲಿಟ್ಟು ಮಲಗಿದರೆ ಸುಮಾರು 12,600, ಕೆಲಸದ ಗಾಯ ಅಂತ ಒಪ್ಪಿದರೆ 16,200. ದುಡ್ಡು ಕೊಟ್ಟು ನೀವೇ ಮೂಳೆ ಕೆಡಿಸಿಕೊಳ್ಳುತ್ತಿದ್ದೀರಿ.

ತೊಗರಿ ಲೆಕ್ಕ:
ಈಗಷ್ಟೇ ಚೀಟಿ ನೋಡಿದೆ, 135 ಇದೆ ರೀ! ನಾಲ್ಕು ವರ್ಷದಿಂದ ಆ ಸಾಲು ನಾನೇ ಟೈಪ್ ಮಾಡುತ್ತಿದ್ದೇನೆ. ಆದರೆ ಪ್ಲಾಸ್ಟರ್ ಹಾಕಿಸಿದ್ದು ಪ್ರೈವೇಟ್‌ನಲ್ಲಿ. ಮನೆಯಿಂದಲೇ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಮಾಡಿಕೊಟ್ಟರೆ ಸಾವ್ಕಾರರೂ ಒಪ್ಪಬಹುದು ಅನಿಸುತ್ತದೆ.

ಸೇಡಂ ರೋಡ್:
ಎರಡೂ ಒಟ್ಟಿಗೆ ಆಗುವುದಿಲ್ಲ. ಕೆಲಸ ಮಾಡಿ ಸಂಬಳ ತಗೊಂಡ ದಿನಕ್ಕೆ ಇಎಸ್‌ಐ ಕೊಡುವುದಿಲ್ಲ, ಈಗಾಗಲೇ ಹೋಗಿ ಬಂದ ದಿನಗಳೂ ಹೋದವು ಅಂತಲೇ ತಿಳಿಯಿರಿ. ಸಾವ್ಕಾರರು ಪೂರ್ತಿ ಸಂಬಳ ಕೊಟ್ಟು ಮನೆಯಿಂದ ಮಾಡಿಸಿದರೆ ಅದೇ ಎಲ್ಲಕ್ಕಿಂತ ಒಳ್ಳೇದು, ಮೊದಲು ಅದನ್ನೇ ಕೇಳಿ. ಇಲ್ಲ ಅಂದ್ರೆ ಪ್ರೈವೇಟ್‌ನ ಎಕ್ಸ್‌ರೇ, ಚೀಟಿ ಎಲ್ಲ ಹಿಡಿದು ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆಗೆ ಹೋಗಿ, ರಜೆಯ ಸರ್ಟಿಫಿಕೇಟ್ ಇಎಸ್‌ಐ ಡಾಕ್ಟರ್ ಬರೆದಿದ್ದನ್ನೇ ಕೇಳುತ್ತಾರೆ. ಅಪಘಾತದ ವರದಿ ಮಿಲ್ ಕಡೆಯಿಂದ ಹೋಗಬೇಕು. ತಡ ಮಾಡಿದಷ್ಟೂ ಪ್ರಶ್ನೆ ಜಾಸ್ತಿ.

ತೊಗರಿ ಲೆಕ್ಕ:
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಸಾವ್ಕಾರರು ಮೊದಲು ಸಿಡುಕಿದರು, ಆಮೇಲೆ ಅವರ ಅಳಿಯನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದರು, ಅವನು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾನೆ, ಅದು ಬೇರೆ ಮಾತು. ಮನೆಯಿಂದ ಕೆಲಸ ಬೇಡ ಅಂದರು. ಅಪಘಾತದ ವರದಿ ಹಾಕಿದ್ದಾರೆ. ಆಸ್ಪತ್ರೆಯಲ್ಲಿ ಅರ್ಧ ದಿನ ಸಾಲಿನಲ್ಲಿ ಕೂತೆ, ಸರ್ಟಿಫಿಕೇಟ್ ಸಿಕ್ಕಿತು. ದುಡ್ಡು ಇನ್ನೂ ಬಂದಿಲ್ಲ. ಟೀಚರ್ ಅಕ್ಕಾ, ಪ್ಲಾಸ್ಟರ್ ಬಿಚ್ಚಿದ ಮೇಲೂ ಸ್ವಲ್ಪ ದಿನ ಗಾಡಿ ಬೇಡ ಅಂದಿದ್ದಾರೆ, ಅದಕ್ಕೇ ನಮ್ಮ ಓಣಿಯ ಶಾಲೆ ಆಟೋದವನ ಹತ್ತಿರ ಈಗಲೇ ಮಾತಾಡಿದೆ. ತಿಂಗಳಿಗೆ 6,000 ಕೇಳುತ್ತಿದ್ದಾನೆ, ನಾನು 5,000ಕ್ಕೆ ನಿಂತಿದ್ದೇನೆ.