ಒಂದೇ ಮಾನಿಟರ್, ಒಂದು ವೆಬ್‌ಕ್ಯಾಮ್: ತಲೆ ತಿರುಗಿಸಿದರೆ ನೋಟ ನಿಜಕ್ಕೂ ಅಗಲವಾಗುತ್ತದೆಯೇ?

ಬಟವಾಡಿ_24ಇಂಚು (ತುಮಕೂರು):

ಎಲ್ಲರಿಗೂ ನಮಸ್ಕಾರ. ಬಟವಾಡಿಯ ಬಾಡಿಗೆ ಮನೆಯ ಸಣ್ಣ ಕೋಣೆಯಲ್ಲಿ, ಮೇಜಿಗೆ ಬಿಗಿದ ಸ್ಟಿಯರಿಂಗ್ ಮತ್ತು 24 ಇಂಚಿನ ಒಂದೇ ಮಾನಿಟರ್ ಇಟ್ಟುಕೊಂಡು ಅಸೆಟ್ಟೊ ಕೊರ್ಸಾ ಎಂಬ ಕಾರ್ ರೇಸಿಂಗ್ ಆಟ ಆಡುತ್ತೇನೆ. ಪರದೆ ಕಣ್ಣಿನಿಂದ 70 ಸೆಂ.ಮೀ. ದೂರದಲ್ಲಿದೆ. ಆ ಲೆಕ್ಕಕ್ಕೆ ಸರಿಯಾದ ಎಫ್‌ಒವಿ, ಅಂದರೆ ನೋಟದ ಕೋನ, ಲಂಬವಾಗಿ ಸುಮಾರು 24 ಡಿಗ್ರಿ ಮಾತ್ರ. ಹಾಗೆ ಇಟ್ಟರೆ ಬ್ರೇಕ್ ಒತ್ತುವ ಜಾಗದ ಅಂದಾಜು ಚೆನ್ನಾಗಿ ಸಿಗುತ್ತದೆ. ಆದರೆ ಸ್ಪಾ ಟ್ರ್ಯಾಕಿನ ಮೊದಲ ತಿರುವಾದ ಲಾ ಸೋರ್ಸ್‌ನಲ್ಲಿ ಬಲಕ್ಕೆ ಹೊರಳುವಾಗ ತಿರುವಿನ ಒಳಅಂಚು ಪರದೆಯಿಂದಾಚೆ ಹೋಗಿಬಿಡುತ್ತದೆ, ಪಕ್ಕಕ್ಕೆ ಬಂದ ಕಾರಂತೂ ತಗುಲಿದ ಮೇಲೆಯೇ ತಿಳಿಯುತ್ತದೆ. ಕೋನವನ್ನು 50ಕ್ಕೆ ಏರಿಸಿದರೆ ಎಲ್ಲವೂ ಕಾಣುತ್ತದೆ, ಆದರೆ ತಿರುವುಗಳು ಇರುವುದಕ್ಕಿಂತ ದೂರದಲ್ಲಿವೆ ಎನಿಸಿ ತಡವಾಗಿ ಬ್ರೇಕ್ ಒತ್ತುತ್ತೇನೆ.

ಮೂರು ಮಾನಿಟರ್‌ಗೆ ಜಾಗವೂ ಇಲ್ಲ, ಹಣವೂ ಇಲ್ಲ. ಗೆಳೆಯನ ವಿಆರ್ ಹೆಡ್‌ಸೆಟ್ ಹತ್ತು ನಿಮಿಷದಲ್ಲಿ ಹೊಟ್ಟೆ ತೊಳೆಸಿತು. ಹೀಗಾಗಿ, ಕ್ಯಾಮೆರಾದಲ್ಲಿ ತಲೆಯ ಚಲನೆ ಗುರುತಿಸಿ ಆಟದೊಳಗಿನ ನೋಟವನ್ನು ಅದಕ್ಕೆ ತಕ್ಕಂತೆ ತಿರುಗಿಸುವ ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶ ಹಾಕಿ, ಆನ್‌ಲೈನ್ ತರಗತಿಗೆಂದು ಕೊಂಡಿದ್ದ ಹಳೆಯ ವೆಬ್‌ಕ್ಯಾಮ್‌ನಿಂದ ಎರಡು ಸಂಜೆ ಪ್ರಯತ್ನಿಸಿದೆ. ನೇರ ರಸ್ತೆಯಲ್ಲಿ ದೃಶ್ಯ ನಡುಗುತ್ತದೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲವೂ ಎಳೆದಂತೆ ತಡವಾಗುತ್ತದೆ, ಮತ್ತು ತಲೆ ತಿರುಗಿಸಿದರೆ ಕಣ್ಣೇ ಪರದೆಯಿಂದ ಆಚೆ ಹೋಗುತ್ತದೆ. ಬೈಕಿನಲ್ಲಿ ದೇವರಾಯನದುರ್ಗ ಇಳಿಯುವಾಗ ತಿರುವು ಬರುವ ಮೊದಲೇ ಕತ್ತು ತಾನಾಗಿ ಹೊರಳುತ್ತದೆ, ಮನೆಯಲ್ಲಿ ಮಾತ್ರ ಅದಕ್ಕೆ ಹೇಳಿ ಮಾಡಿಸಬೇಕಾಗಿದೆ. ಇದು ನನ್ನ ಸೆಟ್ಟಿಂಗ್‌ನ ದೋಷವೇ ಅಥವಾ ವೆಬ್‌ಕ್ಯಾಮ್‌ನ ಮಿತಿಯೇ?

ಚಿಂತಾಮಣಿ_ಪಿಟ್‌ಲೇನ್:

ಬಟವಾಡಿಯವರೇ, ಇದರಿಂದ ನೋಟ ಅಗಲವಾಗುವುದಿಲ್ಲ. ನಿಮ್ಮ ಪರದೆ ಒಂದು ಕಿಟಕಿ, ಅದರ ಅಡ್ಡ ಕೋನ ಈಗ ಸುಮಾರು 42 ಡಿಗ್ರಿ. ತಲೆಯ ಚಲನೆ ಹಿಡಿದರೆ ಅದೇ ಗಾತ್ರದ ಕಿಟಕಿ ಬೇರೆ ದಿಕ್ಕಿಗೆ ಹೊರಳುತ್ತದೆ, ಅಷ್ಟೇ. ಬಲಕ್ಕೆ ಕಂಡಷ್ಟನ್ನು ಎಡದಲ್ಲಿ ಕಳೆದುಕೊಳ್ಳುತ್ತೀರಿ. ಹಾಗೆಂದು ಅದು ನಿರುಪಯೋಗಿಯಲ್ಲ, ಏಕೆಂದರೆ ಲಾ ಸೋರ್ಸ್‌ನಲ್ಲಿ ನಿಮಗೆ ಬೇಕಿರುವುದು ಬಲಭಾಗವೇ.

ಕಣ್ಣು ಆಚೆ ಹೋಗುವುದು ಸೆಟ್ಟಿಂಗ್‌ನ ದೋಷ. ಓಪನ್‌ಟ್ರ್ಯಾಕ್‌ನ ಮ್ಯಾಪಿಂಗ್ ಕಿಟಕಿಯಲ್ಲಿ ಯಾ ಎಂಬ ಅಕ್ಷಕ್ಕೆ, ಅಂದರೆ ಎಡಬಲ ತಿರುಗುವಿಕೆಗೆ, ಒಂದು ಗೆರೆ ಇರುತ್ತದೆ. ಮೊದಲ 4–5 ಡಿಗ್ರಿಯವರೆಗೆ ಗೆರೆಯನ್ನು ನೆಲಕ್ಕೆ ಅಂಟಿಸಿ, ನಂತರ ಏರುಮುಖ ಮಾಡಿ, ನಿಮ್ಮ ತಲೆ 15 ಡಿಗ್ರಿ ತಿರುಗಿದರೆ ಆಟದ ತಲೆ 45 ಡಿಗ್ರಿ ತಿರುಗುವಂತೆ ಎಳೆಯಿರಿ. ಮೂಗು ಸ್ವಲ್ಪ ಹೊರಳಬೇಕು, ಕಣ್ಣು ಪರದೆಯ ಮೇಲೆಯೇ ಉಳಿಯಬೇಕು. ಇದು ನಿಜ ಜೀವನಕ್ಕೆ ತಿರುಗುಮುರುಗಾದ ಅಭ್ಯಾಸ, ನನಗಂತೂ ಒಂದು ವಾರ ಹಿಡಿಯಿತು. ತಲೆ ಮೇಲೆ ಕೆಳಗೆ ಆಡುವುದನ್ನೂ, ಓರೆಯಾಗುವುದನ್ನೂ, ಮುಂದೆ ಹಿಂದೆ ಸರಿಯುವುದನ್ನೂ ರೇಸಿಂಗ್‌ಗೆ ಪೂರ್ತಿ ಆಫ್ ಮಾಡಿಬಿಡಿ, ನಡುಕದ ಬಹುಪಾಲು ಅಲ್ಲಿಂದಲೇ ಬರುತ್ತದೆ.

ಉಳಿದ ನಡುಕಕ್ಕೆ ಆಕ್ಸೆಲಾ ಎಂಬ ಫಿಲ್ಟರ್ ಇದೆ. ನುಣುಪು ಹೆಚ್ಚಿಸಿದಷ್ಟೂ ವಿಳಂಬವೂ ಹೆಚ್ಚುತ್ತದೆ ಎಂಬುದು ನೆನಪಿರಲಿ. ಸೆಕೆಂಡಿಗೆ 30 ಫ್ರೇಮ್ ಕೊಡುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 33 ಮಿಲಿಸೆಕೆಂಡ್ ಅಂತರ, ಗಂಟೆಗೆ 180 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಕಾರು ಒಂದೂವರೆ ಮೀಟರಿಗೂ ಹೆಚ್ಚು ಸಾಗಿರುತ್ತದೆ. ತಡವಾಗುವುದು ನೋಟ ಮಾತ್ರ, ಸ್ಟಿಯರಿಂಗ್ ಅಲ್ಲ ಎಂಬುದೊಂದು ಸಮಾಧಾನ.

ರಾಬರ್ಟ್‌ಸನ್‌ಪೇಟೆ_ಟೈರ್ (ಕೆಜಿಎಫ್):

ಟ್ಯೂಬ್‌ಲೈಟ್‌ನಲ್ಲಿ ಎಳೆಯುವುದಕ್ಕೆ ಕಾರಣ ಹೇಳುತ್ತೇನೆ. ಬೆಳಕು ಸಾಲದಿದ್ದಾಗ ವೆಬ್‌ಕ್ಯಾಮ್ ತಾನಾಗಿ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಆಗ 30 ಫ್ರೇಮ್ ಎಂದು ಡಬ್ಬದ ಮೇಲೆ ಬರೆದಿದ್ದರೂ ಕೈಗೆ ಸಿಗುವುದು ಅದರ ಅರ್ಧವಾಗಿರಬಹುದು. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಹೀಗೆ ತಾನಾಗಿ ಸಮಯ ಹೊಂದಿಸುವ ಆಟೋ ಎಕ್ಸ್‌ಪೋಷರ್ ಆಫ್ ಮಾಡಿ, ಒಂದು ಸಣ್ಣ ಎಲ್‌ಇಡಿ ದೀಪವನ್ನು ಮಾನಿಟರ್ ಕಡೆಯಿಂದ ಮುಖಕ್ಕೆ ಬೀಳುವಂತೆ ಇಡಿ. ಬೆನ್ನ ಹಿಂದೆ ಕಿಟಕಿಯಿದ್ದರೆ ಕರ್ಟನ್ ಎಳೆಯಿರಿ. ಕನ್ನಡಕ ಹಾಕುವವರಾದರೆ ದೀಪ ಗಾಜಿನಲ್ಲಿ ಹೊಳೆಯದಂತೆ ಸ್ವಲ್ಪ ಮೇಲಿರಲಿ. ಮುಖವನ್ನು ಗುರುತಿಸುವ ನ್ಯೂರಲ್‌ನೆಟ್ ಟ್ರ್ಯಾಕರ್ ಪ್ರೊಸೆಸರನ್ನೂ ತಿನ್ನುತ್ತದೆ, ಹಳೆಯ ಕಂಪ್ಯೂಟರ್ ಆದರೆ ಆಟದ ಫ್ರೇಮ್ ಬೀಳುತ್ತಿದೆಯೇ ಎಂದೂ ನೋಡಿಕೊಳ್ಳಿ.

ನಾನು ಕೊನೆಗೆ ಮುಖ ಗುರುತಿಸುವ ದಾರಿಯನ್ನೇ ಬಿಟ್ಟೆ. ಪ್ಲೇಸ್ಟೇಷನ್ 3 ಆಟದ ಯಂತ್ರಕ್ಕೆಂದು ಬಂದಿದ್ದ, ಸೆಕೆಂಡ್‌ಹ್ಯಾಂಡ್ ಪಿಎಸ್3 ಐ ಕ್ಯಾಮೆರಾ 640×480ರಲ್ಲಿ 60 ಫ್ರೇಮ್ ಕೊಡುತ್ತದೆ. ಅದರ ಲೆನ್ಸ್ ಹಿಂದಿರುವ, ಇನ್‌ಫ್ರಾರೆಡ್ ತಡೆಯುವ ಗಾಜನ್ನು ತೆಗೆದು, ಮುಂದೆ ಬೆಳಕಿಗೆ ಒಡ್ಡಿ ತೊಳೆದ ಕಪ್ಪು ನೆಗೆಟಿವ್ ಫಿಲ್ಮ್ ಅಂಟಿಸಿ, ಹೆಡ್‌ಫೋನ್‌ಗೆ ಮೂರು ಇನ್‌ಫ್ರಾರೆಡ್ ಎಲ್‌ಇಡಿ ಕಟ್ಟಿದೆ. ನೆಗೆಟಿವ್ ಸಿಕ್ಕಿದ್ದು ನಮ್ಮೂರ ಹಳೆಯ ಫೋಟೊ ಸ್ಟುಡಿಯೋದಲ್ಲಿ, ಇದನ್ನು ಯಾಕೆ ಕೇಳುತ್ತಿದ್ದೇನೆಂದು ವಿವರಿಸಲು ಅರ್ಧ ಗಂಟೆ ಬೇಕಾಯಿತು. ಕ್ಯಾಮೆರಾಕ್ಕೆ ಆ ಮೂರು ಚುಕ್ಕೆಗಳ ಹೊರತು ಬೇರೇನೂ ಕಾಣುವುದಿಲ್ಲವಾದ್ದರಿಂದ ಕೋಣೆಯ ಟ್ಯೂಬ್‌ಲೈಟ್ ಚಿಂತೆಯೇ ಇಲ್ಲ. ಬಿಸಿಲು ಮಾತ್ರ ಒಳಗೆ ಬೀಳಬಾರದು, ಅದರಲ್ಲಿಯೂ ಇನ್‌ಫ್ರಾರೆಡ್ ಇದೆ.

ಶಿರಾಗೇಟ್_ಲಾರಿ (ತುಮಕೂರು):

ನನ್ನದು ಭಿನ್ನಾಭಿಪ್ರಾಯ. ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಈ ವ್ಯವಸ್ಥೆ ವರದಾನ, ವೃತ್ತದಲ್ಲಿ ಎರಡೂ ಕಡೆ ನೋಡಿ ಲಾರಿ ನುಗ್ಗಿಸುವ ಸುಖವೇ ಬೇರೆ. ಆದರೆ ಪಕ್ಕಪಕ್ಕದಲ್ಲಿ ಓಡುವ ರೇಸಿನಲ್ಲಿ ನಾನು ಅದನ್ನು ಆಫ್ ಮಾಡಿಡುತ್ತೇನೆ. ಸ್ಟಿಯರಿಂಗ್ ಜಗ್ಗಿದಾಗ ಮೈಯೂ ಜಗ್ಗುತ್ತದೆ, ತಲೆಯೂ ಹೊರಳುತ್ತದೆ, ತಿರುವಿನ ನಡುವೆ ದೃಶ್ಯ ಸರಿದರೆ ಗುರಿ ತಪ್ಪುತ್ತದೆ. ಪಕ್ಕದ ಕಾರು ತಿಳಿಯಲು ಅಸೆಟ್ಟೊ ಕೊರ್ಸಾದಲ್ಲಿ ಹೆಲಿಕೋರ್ಸಾ ಎಂಬ ರಾಡಾರ್ ಆ್ಯಪ್ ಸಾಕು.

ಅದಕ್ಕಿಂತ ಮೊದಲು ಮಾನಿಟರನ್ನು ಹತ್ತಿರ ತನ್ನಿ. ಅದೇ 24 ಇಂಚನ್ನು 50 ಸೆಂ.ಮೀ.ಗೆ ತಂದರೆ ಸರಿಯಾದ ಕೋನ ಲಂಬವಾಗಿ 33, ಅಡ್ಡವಾಗಿ 56 ಡಿಗ್ರಿ ಆಗುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಕೇಳಿದ ನಿಜವಾದ ಅಗಲ ಇದೊಂದರಲ್ಲೇ ಸಿಗುವುದು, ಅದೂ ಕಾಸು ಖರ್ಚಿಲ್ಲದೆ.

ಬಟವಾಡಿ_24ಇಂಚು:

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಮಾನಿಟರಿನ ಕಾಲು ಬಿಚ್ಚಿ, ಗೋಡೆಯ ಬ್ರಾಕೆಟ್‌ಗೆ ಹಾಕಿ, ಸ್ಟಿಯರಿಂಗ್‌ನ ಬೆನ್ನಿಗೇ ತಂದು ನಿಲ್ಲಿಸಿದ್ದೇನೆ, ಈಗ ದೂರ 52 ಸೆಂ.ಮೀ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ದೀಪ ಹಾಕಿ ಆಟೋ ಎಕ್ಸ್‌ಪೋಷರ್ ಆಫ್ ಮಾಡಿದ ಮೇಲೆ ಎಳೆತ ಹೋಯಿತು, ಗೆರೆಯ ಆರಂಭವನ್ನು ಚಪ್ಪಟೆ ಮಾಡಿದ ಮೇಲೆ ನೇರ ರಸ್ತೆಯ ನಡುಕವೂ ಹೋಯಿತು. ಲಾ ಸೋರ್ಸ್‌ನ ಒಳಅಂಚು ಈಗ ಕಾಣುತ್ತದೆ. ರೇಸಿನಲ್ಲಿ ಆಫ್ ಮಾಡಬೇಕೆಂಬ ಸಲಹೆಯನ್ನು ಇನ್ನೂ ಒಪ್ಪಿಲ್ಲ, ಆದರೆ ರಾಡಾರ್ ಹಾಕಿಕೊಂಡಿದ್ದೇನೆ. ಒಂದು ತೊಡಕು ಉಳಿದಿದೆ: ಬ್ರಾಕೆಟ್ ಅಡ್ಡ ಬಂದು ಕ್ಯಾಮೆರಾ ಮಾನಿಟರಿನ ಬಲತುದಿಯಲ್ಲಿದೆ, ಹಾಗಾಗಿ ಎಡ ತಿರುವುಗಳಲ್ಲಿ ನೋಟ ಬೇಕಾದ್ದಕ್ಕಿಂತ ಹೆಚ್ಚು ಹೊರಳುತ್ತದೆ.

ಚಿಂತಾಮಣಿ_ಪಿಟ್‌ಲೇನ್:

ನೇರ ನೋಡುತ್ತಾ ಕುಳಿತು, ಇದೇ ನಡುವಿನ ನೋಟ ಎಂದು ಓಪನ್‌ಟ್ರ್ಯಾಕ್‌ಗೆ ತಿಳಿಸುವ ಸೆಂಟರ್ ಕೀ ಒತ್ತಿ, ಸ್ವಲ್ಪ ಸರಿಹೋಗುತ್ತದೆ. ಸಾಲದಿದ್ದರೆ ಮ್ಯಾಪಿಂಗ್‌ನಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಗೆರೆ ಎಳೆಯುವ ಆಯ್ಕೆಯಿದೆ. ಆದರೆ ಓರೆಯಿಂದ ಮುಖ ಅರ್ಧ ಮರೆಯಾದಾಗ ಕ್ಯಾಮೆರಾ ಅಂದಾಜಿನಲ್ಲೇ ಓಡುತ್ತದೆ, ಆದ್ದರಿಂದ ಬ್ರಾಕೆಟ್‌ನ ಮೇಲೊಂದು ಮರದ ತುಂಡು ಕೂರಿಸಿಯಾದರೂ ಅದನ್ನು ನಡುವಿಗೆ ತನ್ನಿ.